ಮೌಲಾ ಸಾಬನ ಮೂರು ಚುಕ್ಕಿ

ಸಂಜೆ ಆರಕ್ಕೆ ಹಿಡಿದ ಮಳೆಗೆ ನಿಜಲಿಂಗಪ್ಪ ಬಡಾವಣೆಯ ಕರೆಂಟು ಹೋಯಿತು. ವಾಣಿಶ್ರೀ ದೀಪ ಹಚ್ಚಿ, ಒಗ್ಗರಣೆ ಮಂಡಕ್ಕಿ ತಂದು ನಡುಮನೆಯಲ್ಲಿಟ್ಟು, ಮಗಳು ರಶ್ಮಿತಾಳನ್ನು ತೊಡೆಗೆಳೆದುಕೊಂಡು ಕೂತಳು. ಎದುರಿಗೆ ಗಂಡ ಕೊಟ್ಟೂರೇಶ್. ಅವನ ಪಕ್ಕದಲ್ಲಿ ಗುತ್ತೂರಿನಿಂದ ಅವನೇ ಕರೆತಂದ ಮುದುಕ ಜಂಬಯ್ಯ, ಹಿಂದೆ ಹರಿಹರದ ಕುಲುಮೆಯಲ್ಲಿ ಸಮ್ಮಟಿ ಹೊಡೆದವನು. ನಡುವೆ ಅಡಿಗಲ್ಲು: ಕಮ್ಮಾರರು ಕಾದ ಕಬ್ಬಿಣವನ್ನಿಟ್ಟು ಬಡಿಯುವ, ಇಬ್ಬರು ಎತ್ತಲಾಗದ ಉಕ್ಕಿನ ದಿಮ್ಮಿ. ಗುಜರಿಯಲ್ಲಿ ಸಿಕ್ಕಿದ್ದು. ಪಕ್ಕೆಯಲ್ಲಿ ಇಂಗ್ಲಿಷ್ ಅಕ್ಷರ, ಕೆಳಗೆ 1865.

"ಇಂಗ್ಲೆಂಡಿನ ಮಾಲು ಅಂತ ಒಂದು ಮಾತು ಹೇಳಿಬಿಡ್ರಿ ಸಾಕು," ಎಂದ ಕೊಟ್ಟೂರೇಶ್. "ನಮ್ಮ ಹಾರ್ಡ್‌ವೇರ್ ಅಂಗಡಿ ಬಾಗಿಲಿಗಿಟ್ಟು ಬೋರ್ಡ್ ಬರೆಸ್ತೀನಿ."

ಜಂಬಯ್ಯ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದ. ಬುಡದಲ್ಲಿ ಸವರುತ್ತಿದ್ದ ಕೈ ತಟ್ಟನೆ ನಿಂತಿತು.

"ಇಲ್ಲಿ ಮೂರು ಚುಕ್ಕಿ ಇದ್ವಲ್ಲ?"

"ಬೆಳಿಗ್ಗೆ ಗ್ರೈಂಡರ್ ಹಿಡಿದು ತೆಗೆದೆ ಅಜ್ಜಾ. ಯಾವನೋ ಲೋಕಲ್ ಕಮ್ಮಾರನ ಗುರುತು. ಇಂಗ್ಲೆಂಡಿನ ಮಾಲಿಗೆ ಅದ್ಯಾಕೆ?"

ಮುದುಕ ಮಂಡಕ್ಕಿ ತಟ್ಟೆಯನ್ನು ದೂರ ಸರಿಸಿದ.

"ಹಂಗಾದ್ರೆ ಕೇಳ್ರಿ... ಇದಕ್ಕೆ ಅರವತ್ತು ವರ್ಷ, ಅಷ್ಟೇ. ವಿಲಾಯ್ತಿ ಅಡಿಗಲ್ಲಿಗೆ ಪಕ್ಕೆಯಾಗೆ ತೂಕದ ಅಂಕಿ ಹೊಡೀತಿದ್ರು, ಇಸವಿ ಯಾರು ಹೊಡೀತಿದ್ರು? ಈ ಇಸವಿ ಹೊಡೆಸಿದ ಕಳ್ಳಗೆ ಅದು ಗೊತ್ತಿರಲಿಲ್ಲ. ಮಾಡಿದೋನು ಹರಿಹರದ ಮೌಲಾ ಸಾಬ್. ರೈಲು ಗಾಲಿಯ ಅಚ್ಚು ತಂದು, ಇಪ್ಪತ್ತೊಂದು ದಿನ ಕಾಸಿ, ಬಡಿದು, ಮತ್ತೆ ಕಾಸಿ... ಸಮ್ಮಟಿ ಹೊಡೆದೋನು ನಾನು, ನನಗಾಗ ಇಪ್ಪತ್ತು. ಸಾಬಗೆ ಓದು ಬರ್ತಿರಲಿಲ್ಲ. ಮೂರು ಚುಕ್ಕಿ ಹೊಡೆದ್ರೆ ಅದೇ ಅವನ ಹೆಸರು, ಕುಡುಗೋಲಿಗೂ ಅದೇ, ಕೊಡಲಿಗೂ ಅದೇ. ಕಮ್ಮಾರರಲ್ಲಿ ಒಬ್ಬನ ಗುರುತನ್ನ ಇನ್ನೊಬ್ಬ ಅಳಿಸಬಾರ್ದು, ಬದುಕಿರೋನ್ನ ಹೂಳಿದಂಗೆ ಅದು. ಕಾರ್ಖಾನೆ ಮಾಲೀಕ ಬಕ್ಕೇಶಪ್ಪ ಅಳಿಸಿದ. ಅರ ಹಾಕಿ ಉಜ್ಜಿ ಚುಕ್ಕಿ ತೆಗೆದು, ಇಂಗ್ಲಿಷ್ ಹೊಡೆಸಿ, ವಿಲಾಯ್ತಿಯಿಂದ ತರಿಸೀನಿ ಅಂತ ಮೆರೆದ. ಸಾಬ್ ಹೋಗಿ, ನಾಕು ಜನರ ಮುಂದೆ, ಇದು ನನ್ನ ಕೈ ಕೆಲಸ ಅಂದ. ಹತ್ತು ವರ್ಷ ಅವನ ಹತ್ರ ಕೆಲಸ ಮಾಡಿಸ್ಕೊಂಡ ಬಕ್ಕೇಶಪ್ಪ ಏನಂದ ಗೊತ್ತಾ? 'ಯಾರಯ್ಯಾ ನೀನು?' ಜನ ಬಿದ್ದು ಬಿದ್ದು ನಕ್ಕರು. ಸಾಬ್ ಅನ್ನ ಮುಟ್ಟಲಿಲ್ಲ, ವಾರದಾಗೆ ಸತ್ತ. ಸಾಯೋವಾಗ ನನ್ನ ಕೈ ಹಿಡಿದು, 'ಜನ ಅವನನ್ನೂ ಹಂಗೇ ಕೇಳಂಗೆ ಮಾಡ್ತೀನಿ' ಅಂದ...

"ಮಣ್ಣು ಕೊಟ್ಟ ಸಂಜೆ, ಕಾರ್ಖಾನೆಗೆ ಬೀಗ ಬಿದ್ದೈತೆ, ಒಳಗಿಂದ ಠಣ್ ಅಂತ ಒಂದು ಏಟು! ಅರ ಹಾಕಿದ ಜಾಗದಾಗೆ ಒಂದು ಚುಕ್ಕಿ ಮೂಡಿತ್ತು. ಆವತ್ತೇ ಗೇಟಿನೋನು ಬಕ್ಕೇಶಪ್ಪನ್ನ ತಡೆದು, ಯಾರ್ರಿ ನೀವು ಅಂದ. ಎರಡನೇ ಏಟಿಗೆ ಹೆತ್ತ ಮಗಳು ಅದನ್ನೇ ಕೇಳಿದ್ಲು. ಮೂರನೇದಕ್ಕೆ... ಹೆಂಡ್ತಿ ಬಾಗಿಲು ಹಾಕ್ಕೊಂಡ್ಲು. ಈಗ್ಲೂ ಹರಿಹರದ ಬಸ್‌ಸ್ಟ್ಯಾಂಡಿನಾಗೆ ಕೂತಿರ್ತಾನೆ. ತೊಂಬತ್ತು ದಾಟೈತೆ, ಯಮನೂ ಅವನ ಗುರುತು ಹಿಡೀತಿಲ್ಲ. ನನಗೆ ಹೆಂಗೆ ನೆನಪೈತೆ ಅಂತೀರಾ?"

ಜಂಬಯ್ಯ ಅಂಗೈ ಬಿಡಿಸಿದ. ಪೆನ್ನಿನಲ್ಲಿ ಬರೆದಿತ್ತು: ಬಕ್ಕೇಶಪ್ಪ.

"ಸಾಕು ಬಿಡ್ರಿ, ಮಗು ಹೆದರ್ತೈತೆ," ಎಂದು ಕೊಟ್ಟೂರೇಶ್ ನಕ್ಕ.

ಠಣ್!

ಯಾರೂ ಮುಟ್ಟಿರಲಿಲ್ಲ. ಗ್ರೈಂಡರ್ ಉಜ್ಜಿದ್ದಕ್ಕೆ ಹೊಳೆಯುತ್ತಿದ್ದ ಬುಡದಲ್ಲಿ ಒಂದು ಚುಕ್ಕಿ ಕಪ್ಪಗೆ ಕಾಣಿಸಿತು. ರಶ್ಮಿತಾ ಎದುರಿಗೆ ಕೂತವನನ್ನು ದಿಟ್ಟಿಸಿ ನೋಡಿ, ತಾಯಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು.

"ಅಮ್ಮಾ, ಈ ಮಾಮ ಬ್ಯಾಡ. ಅಪ್ಪ ಯಾವಾಗ ಬರ್ತಾರೆ?"

ಜಂಬಯ್ಯ ಪೆನ್ನು ತೆಗೆದು ವಾಣಿಶ್ರೀಯ ಕೈಗಿತ್ತ.

"ನಿನ್ನ ಗಂಡನ ಹೆಸರು ಬರ್ಕೋ ತಾಯಿ, ಇನ್ನೆರಡು ಏಟು ಐತೆ. ನನಗಾಗಲೇ ಮರ್ತುಹೋತು."

ಮದುವೆಯಾಗಿ ಒಂಬತ್ತು ವರ್ಷ, ಹೆಸರು ಹಿಡಿದು ಒಮ್ಮೆಯೂ ಕರೆದವಳಲ್ಲ. ಎದುರಿಗಿದ್ದ ಗಂಡಸು ಬಾಯಿ ತೆರೆದು ಏನೋ ಕೂಗುತ್ತಿದ್ದ. ಪೆನ್ನನ್ನು ಅಂಗೈಗೊತ್ತಿದಳು. ಅಲ್ಲಿ ಮೂಡಿದ್ದು ಒಂದೇ ಅಕ್ಷರ: ರೀ.

"ಬೇಗ ತಾಯಿ..." ಜಂಬಯ್ಯನ ಕಣ್ಣು ಅಡಿಗಲ್ಲಿನ ಮೇಲಿನ ಬರಿಗಾಳಿಯಲ್ಲಿ ನೆಟ್ಟಿತ್ತು. "ಸಾಬ್ ಸುತ್ತಿಗೆ ಎತ್ತಿದಾನೆ."