ನಾಲ್ಕು ಮನೆಯ ಉಡಿ

ಹಲೋ... ಯಾರು, ನಿರ್ಮಲಾ ಏನು? ನಾ ಗುರುಸಿದ್ದವ್ವ. ಹಳಿಯಾಳದಿಂದ...

ಹಾಂ, ನಿಮ್ಮತ್ತಿ. ಇಡಬ್ಯಾಡ ಯವ್ವಾ, ಕೈ ಮುಗೀತೀನಿ, ಫೋನ್ ಇಡಬ್ಯಾಡ...

ಇಲ್ಲ ಇಲ್ಲ, ದಾನೇಶ್ವರಿಗೆ ಏನೂ ಆಗಿಲ್ಲ. ನಿನ್ನ ಮಗಳು ಆರಾಮ ಅದಾಳ. ಐದನೇತ್ತೆ ಕಲೀತಾಳ ಈಗ. ಕೇಳಸ್ತೈತಿಲ್ಲೋ? ನಿಮ್ಮ ಜೊಯಿಡಾದ ರೇಂಜ್ ಸುಡ್ಲಿ, ನಾಕ್ ಸಲ ಹಚ್ಚಿದೆ...

ಯಾಕಂದ್ರ... ನಿನ್ನೆ ಆಕಿ ಮೊಬೈಲ್‌ನ್ಯಾಗ ಒಂದು ಪಿಚ್ಚರ್ ಹಚ್ಚಿದ್ಲು. ಪರದೇಶದ್ದು, ಕನ್ನಡದಾಗ ಮಾತಾಡ್ತಾರ. ಕೋರ್ಟಿನ್ಯಾಗ ನಮ್ಮ ಪಂಚರು ಕುಂತಂಗ ಹನ್ನೆರಡು ಮಂದಿ ಕುಂತು ತೀರ್ಪು ಹೇಳೂದು. ಒಬ್ಬ ಹಲ್ಕಟ್ ಮೊದಲ ಒಬ್ಬೊಬ್ಬರ ಮನಿ ಸುದ್ದಿ ತಿಳಕೊಂಡು ಎಲ್ಲಾರನೂ ತನ್ನ ಕಡೆ ಮಾಡ್ಕೋತಾನ. 'ಎಂಥಾ ಕೆಟ್ಟಾಂವ ಅಲ್ಲೇನ ಆಯಿ' ಅಂದ್ಲು. ಉಣ್ಣೂದು ಬಿಟ್ಟು ಎದ್ದೆ ನೋಡು ನಾ...

ಪಿಚ್ಚರ್ ಕಥಿ ಹೇಳಾಕ ಫೋನ್ ಮಾಡಿಲ್ಲ ಯವ್ವಾ! ತಡಿ. ನಿನ್ನ ಪಂಚಾಯ್ತಿ ನೆನಪೈತೇನ? ಏಳು ವರ್ಷದ ಹಿಂದ, ಕೂಸು ಯಾರ ಕಡೆ ಇರಬೇಕು ಅಂತ...

ಹಾಂ, ಲೋಕೇಶ ನಿನ್ನ ಹೊಡೀತಿದ್ದ. ನನ್ನ ಮಗ ಹೊಡಿಯೂದು ನಾ ಕಣ್ಣಾರೆ ನೋಡೀನಿ. ಪಂಚರ ಮುಂದ ನೋಡಿಲ್ಲ ಅಂದೆ. ಅಷ್ಟ ಅಲ್ಲ... ಹಿಂದಿನ ದಿನ ಐದು ಪಂಚರಾಗ ನಾಕು ಮಂದಿ ಮನಿಗೆ ಹೋಗಿ ಅವರ ಹೆಂಡ್ರಿಗೆ ಉಡಿ ತುಂಬಿ ಬಂದಿದ್ನಿ. ಅಕ್ಕಿ, ಕೊಬ್ಬರಿ, ಖಣ. ಮಗಳ, ಮಗಳ ಅಂತ ಕರದು. ಉಡಿ ತುಂಬಿಸ್ಕೊಂಡ ಮನಿಯವರು ನನ್ನ ಮಗನ ಮ್ಯಾಲ ಹೆಂಗ ಮಾತಾಡ್ತಾರ, ಹೇಳು? ಕೂಸು ನಮ್ಮ ಕಡೆ ಬಂತು...

ಅಡಿವೆಯ್ಯಜ್ಜಾರಾ? ಹೌದು, ಐದು ಪಂಚರಾಗ ಅವರೊಬ್ಬರ ನಿನ್ನ ಪರವಾಗಿ ಮಾತಾಡಿದ್ರು. ಅವರ ಹೆಂಡತಿ ಎಂದೋ ತೀರಿದ್ರು. ಆ ಮನ್ಯಾಗ ಯಾರಿಗೆ ಉಡಿ ತುಂಬ್ಲಿ ನಾ...

ಬೈ, ಬೈ. ಬಾಯಿ ತುಂಬ ಬೈ. ಕೂಸಿನ ಬಿಟ್ಟಿರಾಕ ನನಗ ಆಗತಿರಲಿಲ್ಲ. ನಿನಗೂ ಆಗೂದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ...

ಅಳಬ್ಯಾಡ ಯವ್ವಾ... ಆಕಿಗಾ? ಆಕಿಗೆ ಏನ್ ಹೇಳೀನಿ ಅಂದ್ರ... ನಿಮ್ಮವ್ವಗ ನೀ ಬ್ಯಾಡಾಗಿದ್ದಿ, ಬಿಟ್ಟು ಹೋದ್ಲು ಅಂತ ಹೇಳಿದ್ದೆ. ನನ್ನ ನಾಲಿಗಿ ಬಿದ್ದು ಹೋಗ್ಲಿ! ಇವತ್ತ ಮುಂಜಾನೆ ಖರೇ ಹೇಳಿದೆ. ನಂಬವಲ್ಲಳು. 'ಹಂಗಾದ್ರ ಫೋನ್ ಹಚ್ಚು, ನನ್ನ ಕೂಡ ಮಾತಾಡ್ತಾಳೇನ ನೋಡೂಣು' ಅಂತ ಬಾಜೂಕ ನಿಂತಾಳ...

ಕೊಡ್ಲಿ? ಕೊಡ್ತೀನಿ, ತಡಿ. ದಾನೇಶ್ವರಿ, ಬಾ, ನಿಮ್ಮವ್ವ. ಹಲೋ ಅನ್ನು...

ಯಾಕ? ಏನಾತು? ಇಲ್ಲಿ ಕೊಡು. ಹಲೋ, ನಿರ್ಮಲಾ? ಹಲೋ, ಹಲೋ...

ಇಲ್ಲ ಕೂಸ, ನಿಮ್ಮವ್ವ ಇಟ್ಟಿಲ್ಲ. ರೇಂಜ್ ಹೋಗೈತಿ, ಅಷ್ಟ. ಖರೇನ ಹೇಳಾಕತ್ತೀನಿ, ನನ್ನ ಮಾರಿ ನೋಡು, ಈ ಸಲ ಖರೇನ...