ಪಾರ್ವತಿ ಟೀಚರ ಮುಚ್ಚಿದ ಬಾಯಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನೈರೋಬಿಯ ಕನ್ನಡ ಬಾಂಧವರಾದ ಸಭಿಕರೇ,

ಚಿತ್ರ ಬರೆದವಳೆಂದು ನನ್ನನ್ನು ಸನ್ಮಾನಿಸಿದಿರಿ. ಸಂತೋಷ. ಆದರೆ ನೀವು ಈಗ ಅನಾವರಣ ಮಾಡಿದ್ದು ನಾನು ಬರೆದ ಚಿತ್ರವಲ್ಲ!

ಇಂದು ನಿವೃತ್ತರಾಗುತ್ತಿರುವ ಪಾರ್ವತಿ ಟೀಚರ್ ಇದೇ ನ್ಗಾರಾ ಬಡಾವಣೆಯಲ್ಲಿ ಮೂವತ್ತು ವರ್ಷ ನಮ್ಮ ಮಕ್ಕಳಿಗೆ ಕನ್ನಡ ಕಲಿಸಿದರು. ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಬೈಯದೆ, ಮುಂದಿನ ಹಲ್ಲುಗಳ ಸಂದು ಕಾಣುವಂತೆ ನಕ್ಕವರು. ನಾನು ಬರೆದದ್ದು ಆ ನಗುವನ್ನು. ಇಲ್ಲಿ ನೋಡಿದರೆ ತುಟಿ ಹೊಲಿದಂತಿದೆ, ಕೆನ್ನೆಗೆ ಗುಲಾಬಿ ಬಣ್ಣ ಬೇರೆ! ಪರದೆ ಸರಿದಾಗ ಟೀಚರ್ ನನ್ನ ಕಿವಿಯಲ್ಲಿ, "ಇದ್ಯಾರಮ್ಮಾ?" ಎಂದರು.

ಕಾರ್ಯದರ್ಶಿ ಉಮಾಶಂಕರ ಅವರನ್ನು ಕೇಳಿದೆ. "ಭಾನುಮತಿ ಮೇಡಂ, ಎಂಬೆಸಿಯವರೆಲ್ಲ ಬರ್ತಾರೆ, ಡಿಗ್ನಿಫೈಡ್ ಆಗಿರ್ಲಿ ಅಂತ ಬೇರೆ ಪೇಂಟರ್ ಹತ್ರ ಬಾಯಿ ಮುಚ್ಚಿಸಿದ್ವಿ. ನೀವೇ ಕಾಲೇಜಲ್ಲಿ ಪಾಠ ಮಾಡ್ತೀರಲ್ಲ, ಆ ಫ್ರೆಂಚ್ ರಾಣೀರ ಥರ" ಎಂದರು.

ಹೌದು ಸ್ವಾಮಿ, ಮಾಡುತ್ತೇನೆ. ಹದಿನೆಂಟನೆಯ ಶತಮಾನದ ಆ ಶ್ರೀಮಂತ ಹೆಂಗಸರ ರೇಷ್ಮೆ, ಲೇಸು, ಪೌಡರು ಹಾಕಿದ ಕೂದಲು, ಎಲ್ಲ ನನಗಿಷ್ಟವೇ. ಆದರೆ ಅವರ ಬಾಯಿ ಯಾಕೆ ಮುಚ್ಚಿತ್ತೆಂದು ಕೇಳಿದಿರಾ? ಎಷ್ಟೋ ಜನರ ಹಲ್ಲು ಹುಳುಕು! ಮೇಲಾಗಿ, ಚಿತ್ರದಲ್ಲಿ ಹಲ್ಲು ತೋರಿಸುವುದು ಕುಡುಕರಿಗೆ, ಹುಚ್ಚರಿಗೆ, ಬಡವರಿಗೆ ತಕ್ಕದ್ದು ಎಂಬ ಭಾವನೆ. ಕೊನೆಗೆ ಒಬ್ಬ ಕಲಾವಿದೆ, ಮಗಳನ್ನು ತಬ್ಬಿಕೊಂಡ ತನ್ನದೇ ಚಿತ್ರದಲ್ಲಿ ತುಟಿ ತೆರೆದು ನಕ್ಕಳು. ಪ್ಯಾರಿಸ್ಸಿನ ದೊಡ್ಡವರು ಮೂಗು ಮುರಿದರು. ಮುರಿಯಲಿ, ಅವಳ ನಗು ಹಾಗೇ ಉಳಿಯಿತು. ಅದು ೧೭೮೭. ಇದು ೨೦೦೬! ನಾಚಿಕೆಯಾಗಬೇಡವೇ?

ನನ್ನ ಮದುವೆಯ ಫೋಟೋದಲ್ಲೂ ಬಾಯಿ ಮುಚ್ಚಿದೆ. "ಹಲ್ಲು ಕಾಣಿಸ್ಬಾರ್ದು ಕಣೇ" ಎಂದಿದ್ದರು ನಮ್ಮತ್ತೆ. ಒಂದು ಫೋಟೋಗೆ ತಾನೇ ಎಂದುಕೊಂಡೆ. ಆಮೇಲೆ ಮನೆಯಲ್ಲಿ ಯಾವ ಮಾತಿಗೂ... ಇರಲಿ. ನಮ್ಮ ಯಜಮಾನರು ಮಧುಕರ ಎದುರಿಗೇ ಕೂತಿದ್ದಾರೆ, ಅದು ಇಲ್ಲಿ ಬೇಡ.

ಮೇಲೆ ಬಳಿದ ಬಣ್ಣ ಇನ್ನೂ ಹಸಿ. ಒರೆಸಿದರೆ ಕೆಳಗೆ ನನ್ನ ಚಿತ್ರ ಇದೆ. ಆದ್ದರಿಂದ ಇದನ್ನು ಲಂಗಾಟಾದ ನನ್ನ ಮನೆಗೆ ಒಯ್ಯುತ್ತಿದ್ದೇನೆ. ಗಂಟೆ ಯಾಕೆ ಬಾರಿಸುತ್ತೀರಿ ಅಧ್ಯಕ್ಷರೇ? ಮುಗಿಸಿದೆ. ಅಗೋ, ಪಾರ್ವತಿ ಟೀಚರೇ ಎದ್ದು ಬಂದು ಚೌಕಟ್ಟಿನ ಇನ್ನೊಂದು ತುದಿ ಹಿಡಿದರು!

ಕೇಳಿಸಿಕೊಂಡ ನಿಮಗೂ, ಗಂಟೆ ಬಾರಿಸಿದವರಿಗೂ ಕೃತಜ್ಞತೆಗಳು. ಮೆಲ್ಲಗೆ ಟೀಚರ್, ಅಷ್ಟು ನಕ್ಕರೆ ಕೈ ಜಾರೀತು.

ಎಲ್ಲರಿಗೂ ನಮಸ್ಕಾರ.