ಕ್ಲೋವರ್ ಚೀಲದ ಮೇಲೆ ಕೂತ ಚಿಟ್ಟೆ

ಶನಿವಾರ ಮಧ್ಯಾಹ್ನ ಬೆಂಡಿಗೋ ರಸ್ತೆಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಬಂದು ಕೂತರು. ಎದುರಿನ ಹುಲ್ಲುಗಾವಲಿನಲ್ಲಿ ಕಳೆ ಕಿತ್ತು ಬಂದವರು. ಹುಲ್ಲುಗಾವಲು ನೋಡಿಕೊಳ್ಳುವ ತಂಡದ ಅಧ್ಯಕ್ಷೆ ಗ್ಲೆನಿಸ್ ಕಾಲ ಬಳಿ, ಕ್ಲೋವರ್ ಎಂಬ ವಿದೇಶಿ ಕಳೆ ತುಂಬಿದ ಚೀಲವಿಟ್ಟುಕೊಂಡಿದ್ದಳು.

"ಮೂರು ಶನಿವಾರ ಆಯ್ತು, ಈಗ ಒಂದೂ ವಿದೇಶಿ ಗಿಡ ಉಳಿದಿಲ್ಲ," ಎಂದಳು.

"ಚಿಟ್ಟೇನೂ ಉಳಿದಿಲ್ಲ," ಎಂದಳು ಜೊತೆಯಲ್ಲಿದ್ದ ವಿಲ್ಮಾ. "ಮುಂದಿನ ತಿಂಗಳು ಪುರಸಭೆಯವರು ನೀಲಿ ಚಿಟ್ಟೆ ಎಣಿಸೋಕೆ ಬರ್ತಾರೆ. ಕಾಣದಿದ್ರೆ ಹುಲ್ಲುಗಾವಲು ತೆಗೆದು ಕಾರು ನಿಲ್ಲಿಸೋ ಜಾಗ ಮಾಡ್ತಾರೆ."

"ಬರ್ತವೆ ಬಿಡೇ. ಶುದ್ಧ ನಮ್ಮೂರ ಹುಲ್ಲು ಬಿಟ್ಟಿದೀವಲ್ಲ."

"ನಿನ್ನ ಶುದ್ಧ ಹುಲ್ಲು ನೀನೇ ಮೇಯಿ. ಚೀಲದ ಮೇಲೆ ಏನು ಕೂತಿದೆ ನೋಡು."

"ಅದು ಕಂದು. ಬೇರೆ ಜಾತಿ."

"ಹೆಣ್ಣು ಕಣೇ ಅದು! ನೀಲಿ ಮೆರೆಯೋದು ಗಂಡು. ಹತ್ತು ವರ್ಷ ಅಧ್ಯಕ್ಷೆಯಾಗಿ ಇಷ್ಟೂ ಗೊತ್ತಿಲ್ವಾ? ಹೊಟ್ಟೆ ಬಗ್ಗಿಸಿ ಏನು ಮಾಡ್ತಿದೆ ಹೇಳು."

ಗ್ಲೆನಿಸ್ ಬಗ್ಗಿ ನೋಡಿದಳು. "ಮೊಟ್ಟೆ ಇಡ್ತಿದೆ. ಕ್ಲೋವರ್ ಮೇಲಾ?"

"ಮೊಟ್ಟೆಯಿಂದ ಬಂದ ಹುಳು ತಿನ್ನೋದೇ ಅದನ್ನ. ತಿಂದು ಬೆಳೆದು, ಗೂಡಾಗಿ, ತಿಂಗಳಿಗೆ ಚಿಟ್ಟೆ. ಮೊದಲ ವಾರವೇ ಹೇಳಿದೆ, ನೀನು ನಕ್ಕೆ. ಹೋದ ಎರಡು ವಾರ ಕಿತ್ತ ಕಳೆ ಜೊತೆ ಅವುಗಳ ಸಂತಾನವೂ ಆಗ್ಲೇ ತಿಪ್ಪೆ ಸೇರಿದೆ."

ಬಸ್ಸು ಬಂತು. ಗ್ಲೆನಿಸ್ ಚೀಲವನ್ನು ಅಲುಗದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆ ದಾಟಿ ಹುಲ್ಲುಗಾವಲಿನತ್ತ ಹೊರಟಳು.

"ಈಗೇನು, ಕಳೆ ನೆಡ್ತೀರಾ ಅಧ್ಯಕ್ಷರೇ?"

"ಬಾಯಿ ಮುಚ್ಕೊಂಡು ಗುದ್ದಲಿ ತಗೊಂಡು ಬಾ."

ನಾನೊಬ್ಬನೇ ಬಸ್ಸು ಹತ್ತಿದೆ.